ಪಟಕ್ಕೆ ಬೆನ್ನು ಕೊಟ್ಟ ಮೇಷ್ಟ್ರು

ಚಿತ್ರಶಾಲೆಗೆ ಹೋಗಿ ಚಿತ್ರಗಳಿಗೆ ಬೆನ್ನು ತಿರುಗಿಸಿ ನಿಲ್ಲುವ ಡ್ರಾಯಿಂಗ್ ಮೇಷ್ಟ್ರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ತೀರಿಕೊಂಡರು ಎಂದು ಹೋದ ವಾರ ಮದ್ದೂರಿನಿಂದ ಬಂದ ನನ್ನ ತಮ್ಮ ಹೇಳಿದ. ಹೇಳಿದವನು ಕಾಫಿ ಕುಡಿದು, ಭತ್ತದ ವಿಚಾರ ಮಾತಾಡಿ, ಸಂಜೆಯ ರೈಲಿಗೆ ಹೊರಟುಹೋದ. ನಾನು ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ನಗು ಬಂತು. ಆ ಮನುಷ್ಯನನ್ನು ನೆನೆದು ನಗದೆ ಇರುವುದು ಕಷ್ಟ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಅವರು ಮದ್ದೂರಿನ ಸ್ಕೂಲಿಗೆ ವರ್ಗವಾಗಿ ಬಂದರು. ನಮ್ಮ ಮನೆಯ ಜಗಲಿಯ ಪಕ್ಕದಲ್ಲಿ ಒಂದು ಕೋಣೆ ಇತ್ತು. ಅಪ್ಪ ಅಲ್ಲಿ ಬಿತ್ತನೆ ರಾಗಿ ಇಡುತ್ತಿದ್ದ. ರಾಗಿ ಅಟ್ಟಕ್ಕೆ ಹೋಯಿತು, ಮೇಷ್ಟ್ರು ಕೋಣೆಗೆ ಬಂದರು. ಹೆಂಡತಿ ಮಕ್ಕಳು ಇಲ್ಲದ ಒಂಟಿ ಜೀವ. ಸಾಮಾನು ಅಂದರೆ ಒಂದು ಟ್ರಂಕು, ಒಂದು ಚಾಪೆ, ಬಣ್ಣದ ಡಬ್ಬಿಗಳು. ಕಚ್ಚೆಪಂಚೆಯ ಮೇಲೆ ಒಂದು ಕರಿ ಕೋಟು. ಆ ಕೋಟಿನ ಜೇಬಿನಲ್ಲಿ ಸದಾ ಸೀಮೆಸುಣ್ಣದ ಚೂರುಗಳು ಇರುತ್ತಿದ್ದವಾದ್ದರಿಂದ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರೆ ಮುಖ ಮೊದಲಿಗಿಂತ ಹೆಚ್ಚು ಕೊಳೆಯಾಗುತ್ತಿತ್ತು. ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ಅದರ ವಾಸನೆ ತಡೆಯಲಾರದೆ ಅವ್ವ ಎರಡನೆಯ ವಾರದಿಂದ ಬಸ್ಸಾರು, ಮುದ್ದೆ ಕಳಿಸತೊಡಗಿದಳು. ಜಾತಿ ಗೀತಿ ಎಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಹಸಿದವನಿಗೆ ಹಳಸಿದ್ದೂ ರುಚಿ ಅಂತಾರೆ. ಅವ್ವನ ಅಡುಗೆ ಹಳಸಿದ್ದೂ ಅಲ್ಲವಲ್ಲ.

ಅವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಕೈ ಮುಂದೆ ಚಾಚಿ, ಹೆಬ್ಬೆರಳು ನೆಟ್ಟಗೆ ಮಾಡಿ, ಒಂದು ಕಣ್ಣು ಮುಚ್ಚಿ ಎದುರಿಗಿದ್ದುದನ್ನು ಅಳೆಯುವುದು. ಚಿತ್ರ ಬರೆಯುವವರು ಹೀಗೇ ಅಳತೆ ತೆಗೆಯುತ್ತಾರಂತೆ. ಮೇಷ್ಟ್ರು ಮಾತ್ರ ತೆಂಗಿನ ಮರ, ಸಂತೆಗೆ ಹೊರಟ ಹೆಂಗಸರು, ಸ್ಕೂಲಿನ ಇನ್ಸ್‌ಪೆಕ್ಟರು, ಯಾರನ್ನೂ ಬಿಡುತ್ತಿರಲಿಲ್ಲ. ಹೊಸದರಲ್ಲಿ ಅಜ್ಜಿ ಅದನ್ನು ನೋಡಿ, ಮೇಷ್ಟ್ರಿಗೆ ಏನೋ ಗಾಳಿ ಮೆಟ್ಟಿದೆ ಎಂದುಕೊಂಡು ಬೇವಿನ ಸೊಪ್ಪು ನಿವಾಳಿಸಿ ಇಳಿ ತೆಗೆದು ಬಿಸಾಕಿದ್ದಳು. ಮೇಷ್ಟ್ರು ಸುಮ್ಮನೆ ನಿಂತು ಇಳಿ ತೆಗೆಸಿಕೊಂಡರು.

ಅಪ್ಪ ಅವರನ್ನು ನಂಬಿದ್ದು ಒಂದು ಜೊತೆ ಎತ್ತಿನಿಂದ. ಎತ್ತು ನೋಡಲು ಬೆಸಗರಹಳ್ಳಿಗೆ ಹೊರಟ ಅಪ್ಪನ ಜೊತೆ ಮೇಷ್ಟ್ರೂ ಹೋದರು, ರಜಾ ದಿನ, ಬೇರೆ ಕೆಲಸವಿರಲಿಲ್ಲ. ಅಪ್ಪ ಹಲ್ಲು ನೋಡಿದ, ಶುಭವೋ ಅಶುಭವೋ ಎಂದು ಮೈಮೇಲಿನ ಸುಳಿ ನೋಡಿದ, ಬಾಲ ಎತ್ತಿ ನೋಡಿದ, ಒಪ್ಪಿದ. ಮೇಷ್ಟ್ರು ಹೆಬ್ಬೆರಳು ಚಾಚಿ, ಎಡಗಡೆಯ ಎತ್ತಿನ ಹೆಗಲು ಒಂದು ಕಡೆ ಇಳಿದಿದೆಯಲ್ಲ ಅಂದರು. ಅಪ್ಪನಿಗೆ ಸಿಟ್ಟು ಬಂದರೂ ಮನಸ್ಸಿಗೆ ಹುಳ ಹೊಕ್ಕು, ಎತ್ತು ಬಿಟ್ಟು ಬಂದ. ಅದನ್ನು ಕೊಂಡ ಇನ್ಯಾರೋ ಉಳುಮೆಯಲ್ಲಿ ಅದು ನೊಗ ಎಳೆಯುವುದಿಲ್ಲ ಎಂದು ಗೋಳಾಡಿದ್ದು ಕೇಳಿದ ಮೇಲೆ, ಮೇಷ್ಟ್ರ ಕಣ್ಣಿಗೆ ಅಪ್ಪ ಶರಣಾದ.

ವರ್ಷಕ್ಕೊಮ್ಮೆ, ಒಕ್ಕಣೆ ಮುಗಿದ ಮೇಲೆ, ಮೇಷ್ಟ್ರು ಬೀದಿಯ ಜನರನ್ನು ಗುಂಪು ಕಟ್ಟಿಕೊಂಡು ರೈಲಿನಲ್ಲಿ ಮೈಸೂರಿಗೆ ಹೊರಡುತ್ತಿದ್ದರು. ಜನ ಹೊರಡುತ್ತಿದ್ದದ್ದು ಬೆಟ್ಟಕ್ಕೆ, ಅರಮನೆಗೆ, ಹುಲಿ ಸಿಂಹ ನೋಡುವುದಕ್ಕೆ. ಮೇಷ್ಟ್ರು ಹೊರಡುತ್ತಿದ್ದದ್ದು ಚಿತ್ರಶಾಲೆಗೆ. ದಾರಿಯಲ್ಲೇ ಇದೆ, ನೆರಳಾಗಿದೆ, ಒಂದು ಗಳಿಗೆ ಕಾಲು ಆರಿಸಿಕೊಳ್ಳೋಣ ಎಂದು ಪುಸಲಾಯಿಸಿ ಒಳಗೆ ನುಗ್ಗಿಸುತ್ತಿದ್ದರು. ಅಷ್ಟೇ. ಆಮೇಲೆ ಯಾರಿಗೂ ಏನೂ ವಿವರಿಸುತ್ತಿರಲಿಲ್ಲ. ಇದರ ಅರ್ಥವೇನು ಮೇಷ್ಟ್ರೇ ಎಂದು ಯಾರಾದರೂ ಕೇಳಿದರೆ, ಊಟಕ್ಕೆ ಕೂತಾಗ ಹುಳಿಯ ಅರ್ಥ ಕೇಳ್ತೀರಾ, ತಿನ್ನಿ ಸುಮ್ಮನೆ, ಅನ್ನುತ್ತಿದ್ದರು.

ನಾನು ಮೊದಲ ಸಲ ಹೋದಾಗ ಹುಡುಗಿ. ಆಗ ಕಂಡದ್ದು ಇನ್ನೂ ಕಣ್ಣ ಮುಂದಿದೆ. ಅಪ್ಪ ಹೊಳೆಯಲ್ಲಿ ನೀರು ಕುಡಿಯುವ ಎತ್ತುಗಳ ಪಟದ ಮುಂದೆ ನಿಂತವನು ಅಲ್ಲಿಂದ ಅಲ್ಲಾಡಲಿಲ್ಲ. ಎತ್ತಿನ ಸುಳಿ ಹುಡುಕುತ್ತಿದ್ದ. ಬರೆದವನು ಸುಳಿ ಬರೆದೇ ಇಲ್ಲ, ಇಂಥ ಎತ್ತನ್ನು ಯಾವ ಧೈರ್ಯದ ಮೇಲೆ ಮನೆಗೆ ತರುವುದು ಎಂದು ಅವನಿಗೆ ನಿಜವಾದ ಚಿಂತೆ. ಅವ್ವ ರಾಣಿಯರ ಮುಖ ನೋಡಲೇ ಇಲ್ಲ. ಸೆರಗಿನ ಅಂಚು, ಮೂಗುಬೊಟ್ಟು, ತುರುಬು ಮಾತ್ರ ನೋಡಿದಳು. ಊರಿಗೆ ಬಂದ ಮೇಲೆ ಒಂದು ತಿಂಗಳು ತುರುಬನ್ನು ಯಾವುದೋ ರಾಣಿಯ ಹಾಗೆ ಕಿವಿಯ ಮೇಲೆ ಕಟ್ಟಿಕೊಂಡು, ಅಜ್ಜಿಯ ಬಾಯಿಗೆ ಬಿದ್ದು ಬಿಟ್ಟುಬಿಟ್ಟಳು. ನಮ್ಮ ಹೆಡ್ ಮೇಷ್ಟ್ರು ಪಟದ ಕೆಳಗಿನ ಚೀಟಿ ಓದಿ, ತಲೆಯಾಡಿಸಿ, ಮುಂದಿನ ಚೀಟಿಗೆ ಹೋಗುತ್ತಿದ್ದರು. ಮೇಲೆ ಪಟ ಇದೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ನಮ್ಮ ಮೇಷ್ಟ್ರು ಇವರೆಲ್ಲರ ಎದುರಿಗೆ, ಪಟಗಳಿಗೆ ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು ನಿಂತಿರುತ್ತಿದ್ದರು. ಒಂದೊಂದು ಮುಖವನ್ನೂ ನೋಡುತ್ತಾ ಮೀಸೆಯೊಳಗೇ ನಗುತ್ತಿದ್ದರು.

ನೀವು ಯಾಕೆ ಪಟ ನೋಡೋದಿಲ್ಲ ಎಂದು ನಾನು ಕೇಳಿದೆ. ಪಟ ಎಲ್ಲಿಗೂ ಓಡಿಹೋಗೋದಿಲ್ಲ, ಅವು ನನಗೆ ಬಾಯಿಪಾಠ, ಪಟ ನೋಡುವ ಮುಖ ಮಾತ್ರ ಪ್ರತಿ ಸಲವೂ ಹೊಸದು ಅಂದರು. ಮನುಷ್ಯನ ಬಣ್ಣ ಅಲ್ಲಿ ತಿಳಿದಷ್ಟು ಪಂಚಾಯಿತಿ ಕಟ್ಟೆಯಲ್ಲೂ ತಿಳಿಯುವುದಿಲ್ಲವಂತೆ. ಅವರದೇ ಒಂದು ಪರೀಕ್ಷೆಯೂ ಇತ್ತು. ಒಳಗಿನ ಕೋಣೆಯ ಮೂಲೆಯಲ್ಲಿ ಒಂದು ಪುಟ್ಟ ಪಟ: ಒಂದು ಮಣ್ಣಿನ ಕುಡಿಕೆ, ಪಕ್ಕದಲ್ಲಿ ಕೊಯ್ದಿಟ್ಟ ಅರ್ಧ ನಿಂಬೆಹಣ್ಣು. ರಾಜ ಇಲ್ಲ, ರಾಣಿ ಇಲ್ಲ, ದೇವರಿಲ್ಲ. ಅದರ ಮುಂದೆ ತಾನಾಗಿ ನಿಂತವನು ಯೋಗ್ಯ ಮನುಷ್ಯ ಎಂಬುದು ಮೇಷ್ಟ್ರ ಸಿದ್ಧಾಂತ. ಅಷ್ಟು ವರ್ಷಗಳಲ್ಲಿ ನಮ್ಮ ಬೀದಿಯಿಂದ ಒಬ್ಬರೂ ಅಲ್ಲಿ ನಿಂತಿರಲಿಲ್ಲ. ಒಮ್ಮೆ ಒಬ್ಬ ನಿಂತಾಗ ಮೇಷ್ಟ್ರು ಹಿಗ್ಗಿ ಹತ್ತಿರ ಹೋದರು; ಅವನು ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತಿದ್ದ.

ನಾನು ಲೋಯರ್ ಸೆಕೆಂಡರಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಯುದ್ಧ ಜೋರಾಗಿ ನಡೆಯುತ್ತಿದ್ದ ಕಾಲ, ಸೀಮೆಎಣ್ಣೆಗೂ ಬಟ್ಟೆಗೂ ಪರದಾಟ, ಮಳವಳ್ಳಿ ಕಡೆಯ ಪೂರಿಗಾಲಿಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ, ನೀರಾವರಿ ಭೂಮಿ. ಹುಡುಗ ಓದಿದವನು, ಮಂಡ್ಯದಲ್ಲಿ ಕಬ್ಬಿನ ಗದ್ದೆಗಳ ಉಸ್ತುವಾರಿಯ ಕೆಲಸ. ನಮ್ಮ ಕಡೆಯ ಪದ್ಧತಿಯಂತೆ ವೈದ್ಯನಾಥಪುರದ ಗುಡಿಯಲ್ಲಿ ಎರಡು ಮನೆಯವರೂ ಆಕಸ್ಮಿಕವಾಗಿ ಭೇಟಿಯಾದಂತೆ ನಟಿಸಿದೆವು. ನಾನು ತಲೆ ತಗ್ಗಿಸಿ ನಿಂತಿದ್ದೆ. ತಲೆ ತಗ್ಗಿಸಿದವಳಿಗೆ ಏನು ಕಾಣುತ್ತದೆ? ಗುಡಿಯ ಬಾಗಿಲಲ್ಲಿ ಹುಡುಗ ಬಿಟ್ಟಿದ್ದ ಬೂಟು ಕಂಡಿತು. ಅವರು ಒಪ್ಪಿದರು. ಅಪ್ಪ ಮದುವೆ ಗೊತ್ತುಮಾಡುವ ವೀಳ್ಯಶಾಸ್ತ್ರಕ್ಕೆ ದಿನ ಕೇಳಲು ಹೊರಟ.

ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಹುಡುಗನ ಮೇಲೆ ನನಗೇನೂ ದೂರಿರಲಿಲ್ಲ. ಗೊತ್ತಿಲ್ಲದವನ ಮೇಲೆ ಏನು ದೂರುವುದು? ಆ ಗೊತ್ತಿಲ್ಲದ್ದೇ ಭಯ. ಮನೆಯಲ್ಲಿ ಹೇಳುವ ಹಾಗಿಲ್ಲ. ಮೇಷ್ಟ್ರಿಗೆ ಊಟದ ತಟ್ಟೆ ಕೊಡಲು ಹೋದಾಗ ಹೇಳಿಬಿಟ್ಟೆ: "ಮೇಷ್ಟ್ರೇ, ನಾನು ಅವರ ಬೂಟು ಮಾತ್ರ ನೋಡಿದ್ದೀನಿ. ಬೂಟು ಚೆನ್ನಾಗಿತ್ತು. ಬೂಟಿನ ಜೊತೆ ಬಾಳೋಕಾಗುತ್ತಾ?"

ಮೇಷ್ಟ್ರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ, ಮದುವೆಗೆ ಮೊದಲು ಬೆಟ್ಟದ ಅಮ್ಮನ ದರ್ಶನ ಆಗಬೇಡವೇ ಅಂದರು. ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಆ ಸಂಜೆ, ಅವರು ಅಪ್ಪನ ಹತ್ತಿರ ಹೋಗಿ, ವೀಳ್ಯಕ್ಕೆ ಮುಂಚೆ ಎರಡು ಮನೆಯವರೂ ಕೂಡಿ ಬೆಟ್ಟಕ್ಕೆ ಹೋಗಿ ಬರುವುದು ಶುಭ ಎಂದು ಹೇಳಿದಾಗ. ಅಪ್ಪ ಹೆಣ್ಣು ಗಂಡು ಒಂದೇ ರೈಲಿನಲ್ಲಿ ಹೋಗುವುದುಂಟೇ ಎಂದು ಮೊದಲು ಹಾರಾಡಿದ. ಮೇಷ್ಟ್ರು ಮೆಲ್ಲಗೆ, ಬೆಟ್ಟ ಇಳಿದ ಮೇಲೆ ಚಿತ್ರಶಾಲೆಗೂ ಹೋಗೋಣ, ಹುಡುಗನನ್ನು ನಾನೊಂದು ಸಲ ನೋಡುತ್ತೇನೆ ಅಂದರು. ಅಪ್ಪನಿಗೆ ಬೆಸಗರಹಳ್ಳಿಯ ಎತ್ತು ನೆನಪಿಗೆ ಬಂದಿರಬೇಕು. ಎತ್ತಿನ ವಿಷಯದಲ್ಲಿ ನಂಬಿದವರನ್ನು ಅಳಿಯನ ವಿಷಯದಲ್ಲಿ ನಂಬದೆ ಇರುವುದು ಹೇಗೆ?

"ನೋಡಿ ಮೇಷ್ಟ್ರೇ, ನಿಮ್ ಮಾತೇ ಕೊನೆ," ಅಂದ ಅಪ್ಪ. "ನೀವು ಊಂ ಅಂದ್ರೆ ವೀಳ್ಯ. ಊಹೂಂ ಅಂದ್ರೆ ಇಲ್ಲಿಗೇ ಬುಟ್ಬುಡ್ತೀನಿ."

ಹೀಗೆ ನನ್ನ ಬಾಳು ಒಂದು ಮಣ್ಣಿನ ಕುಡಿಕೆ, ಅರ್ಧ ನಿಂಬೆಹಣ್ಣಿನ ಮೇಲೆ ಬಂದು ನಿಂತಿತು.

ಹೊರಡುವ ದಿನ ಅಜ್ಜಿಯೂ ಸಿದ್ಧವಾದಳು. ಅವಳು ಅದುವರೆಗೆ ಮೈಸೂರು ನೋಡಿದವಳಲ್ಲ. ಬೆಟ್ಟದಲ್ಲಿ ಅಮ್ಮನಿಗೆ ಕಾಯಿ ಒಡೆಸಿ, ಇನ್ನೊಂದು ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಯಾಕಜ್ಜಿ ಅಂದರೆ ಹೇಳಲಿಲ್ಲ. ಹುಡುಗ, ಅವನ ಅಪ್ಪ, ಅವನ ಚಿಕ್ಕಪ್ಪ ಮಂಡ್ಯದಲ್ಲಿ ರೈಲು ಹತ್ತಿದ್ದರು. ಗಂಡಸರೆಲ್ಲ ಒಂದು ಕಡೆ, ಅವ್ವ, ಅಜ್ಜಿ, ನಾನು ಒಂದು ಕಡೆ. ಚಿತ್ರಶಾಲೆಯ ಮೆಟ್ಟಿಲ ಹತ್ತಿರ ಮೇಷ್ಟ್ರು ನನ್ನ ಪಕ್ಕದಲ್ಲಿ ಹಾದುಹೋಗುತ್ತಾ ಹೇಳಿದರು: "ಇವತ್ತು ನೀನು ಪಟ ನೋಡಬೇಡಮ್ಮ. ಪಟ ನೋಡೋರನ್ನ ನೋಡು."

ನೋಡಿದೆ. ಹುಡುಗನ ಅಪ್ಪ ಪ್ರತಿ ಪಟದ ಚೌಕಟ್ಟನ್ನು ಬೆರಳಿನಿಂದ ತಟ್ಟಿ, ಬೀಟೆಯೋ ತೇಗವೋ ಎಂದು ತೀರ್ಮಾನಿಸುತ್ತಿದ್ದರು. ಚಿಕ್ಕಪ್ಪ ಯುದ್ಧದ ಪಟದ ಮುಂದೆ ನಿಂತು ಯಾವ ಕಡೆ ಗೆಲ್ಲುತ್ತದೆ ಎಂದು ನಮ್ಮಪ್ಪನ ಜೊತೆ ವಾದಕ್ಕೆ ಬಿದ್ದರು. ಹುಡುಗ? ಹುಡುಗ ಪಟದ ಕಡೆ ಕಣ್ಣೆತ್ತಲೇ ಇಲ್ಲ. ನಮ್ಮ ಅಜ್ಜಿಗೆ ಪೊರೆ ಬಂದು ಕಣ್ಣು ಮಂಜು, ಹೊಸಲು ಎಡವಿದಳು. ಹತ್ತಿರವಿದ್ದ ಅವನು ಕೈ ಕೊಟ್ಟ. ಅಜ್ಜಿ ಆ ಕೈ ಬಿಡಲಿಲ್ಲ. ಬಿಡುವ ಪೈಕಿಯೇ ಅಲ್ಲ ಅವಳು.

ಅಜ್ಜಿಗೆ ಗೋಡೆಯ ಮೇಲೆ ಚಿನ್ನದ ಚೌಕಟ್ಟಿನಲ್ಲಿ ಇರುವವರೆಲ್ಲ ದೇವರು. ಒಂದೊಂದು ಪಟಕ್ಕೂ ಕೈಮುಗಿದು, ಕೆನ್ನೆ ತಟ್ಟಿಕೊಂಡು ಮುಂದೆ ಹೋಗುತ್ತಿದ್ದಳು. ರಾಜರಿಗೆ ಮುಗಿದಳು, ರಾಣಿಯರಿಗೆ ಮುಗಿದಳು, ನವಿಲಿಗೆ ಮುಗಿದಳು. ಆಮೇಲೆ ಕೋವಿ ಹಿಡಿದು, ಕಾಲ ಬಳಿ ಬೇಟೆನಾಯಿ ನಿಲ್ಲಿಸಿಕೊಂಡ ಒಬ್ಬ ಬಿಳಿ ದೊರೆಯ ಪಟ ಬಂತು. ಅಜ್ಜಿ ನಾಯಿಯನ್ನು ಹತ್ತಿರದಿಂದ ಕಂಡು, ಭೈರವಸ್ವಾಮಿ ಎಂದುಕೊಂಡು, ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದಳು.

ಸುತ್ತಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಅಪ್ಪ ನಕ್ಕ, ಬೀಗರಾಗುವವರು ನಕ್ಕರು, ಎಲ್ಲಿಂದಲೋ ಬಂದಿದ್ದ ಕಾಲೇಜು ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ನಗು ಏಕೆ ಎಂದು ತಿಳಿಯದೆ ಅಜ್ಜಿ ಮಂಡಿಯೂರಿದ ಹಾಗೆಯೇ ತಲೆ ಎತ್ತಿ ಸುತ್ತ ನೋಡಿದಳು. ಕಾವಲಿಗಿದ್ದ ಜವಾನ, ಅಜ್ಜೀ ಅದು, ಎಂದು ಬಾಯಿ ತೆರೆದ. ಹುಡುಗ ಕಣ್ಣಲ್ಲೇ ಅವನನ್ನು ಸುಮ್ಮನಿರಿಸಿದ. ಆಮೇಲೆ ತಾನೂ ಅಜ್ಜಿಯ ಪಕ್ಕದಲ್ಲಿ ಮಂಡಿಯೂರಿ, ಆ ದೊರೆಗೂ ದೊರೆಯ ನಾಯಿಗೂ ಹಣೆ ಮುಟ್ಟಿಸಿ ನಮಸ್ಕಾರ ಮಾಡಿ, ಅಜ್ಜಿಯನ್ನು ಎಬ್ಬಿಸಿದ. ಅವನ ಮುಖದಲ್ಲಿ ನಗು ಇರಲಿಲ್ಲ. ನಗು ಅಡಗಿಸಿಕೊಂಡ ಮುಖವೂ ಅದಲ್ಲ. ಅದನ್ನು ನಾನು ಚೆನ್ನಾಗಿ ನೋಡಿದೆ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಆಳೆತ್ತರದ ಲಕ್ಷ್ಮಿಯ ಪಟ. ಸೆರಗಿನ ಕಾಯಿ ಯಾಕೆ ಎಂಬುದು ಆಗ ಗೊತ್ತಾಯಿತು. ಮೈಸೂರಿನ ಗೋಡೆಯ ಮೇಲೆ ನಿಜವಾದ ಹೆಂಗಸಿನಂಥ ಲಕ್ಷ್ಮಿ ಇದ್ದಾಳೆ ಎಂದು ಹಿಂದೆ ಎಂದೋ ಮೇಷ್ಟ್ರೇ ಅಜ್ಜಿಗೆ ವರ್ಣಿಸಿದ್ದರು. ಅಜ್ಜಿ ಕಾಯಿ ತೆಗೆದಳು, ಎಲೆಯಡಿಕೆ ಚೀಲದಿಂದ ಕರ್ಪೂರ ತೆಗೆದಳು, ಬೆಂಕಿಪೊಟ್ಟಣ ಯಾರ ಹತ್ತಿರವಾದರೂ ಇದೆಯೇ ಅಂದಳು. ಜವಾನ ಬೊಬ್ಬೆ ಹಾಕಿಕೊಂಡು ಓಡಿ ಬಂದ. ಎಣ್ಣೆಬಣ್ಣದ ಪಟದ ಮುಂದೆ ಕರ್ಪೂರ ಹಚ್ಚಿದರೆ ಏನಾದೀತೆಂದು ನೆನೆದು ಮೇಷ್ಟ್ರ ಮುಖ ಅವರ ಸೀಮೆಸುಣ್ಣದಂತೆ ಬಿಳುಚಿತು.

ಹುಡುಗ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ ಹೇಳಿದ: "ಅಜ್ಜಿ, ಈವಮ್ಮನ ಅಣ್ಣುಕಾಯಿ ಒಳ್ಗೆ ಮಾಡಂಗಿಲ್ಲ. ಆಚೆ ಮರದ ತಾವ ಒಡೀಬೇಕು. ಬಾ, ನಾನ್ ಕರ್ಕೊಂಡೋಯ್ತೀನಿ."

ಅಜ್ಜಿಗೆ ಅದು ಸರಿ ಎನಿಸಿತು. ಪದ್ಧತಿ ಎಂದ ಮೇಲೆ ಪದ್ಧತಿ. ಇಬ್ಬರೂ ಕೈ ಹಿಡಿದುಕೊಂಡು ಹೊರಗೆ ಹೋದರು. ಕಿಟಕಿಯಿಂದ ಇಣುಕಿದರೆ, ಬೇವಿನ ಮರದ ಬುಡದಲ್ಲಿ ಹುಡುಗ ಕಲ್ಲಿಗೆ ಕಾಯಿ ಒಡೆಯುತ್ತಿದ್ದ, ಅಜ್ಜಿ ಗೋಡೆಯ ಕಡೆ ತಿರುಗಿ ಕರ್ಪೂರ ಬೆಳಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದೇ ಜವಾನನೂ ಅಲ್ಲಿ ಕೂತು ಕಾಯಿಚೂರು ಅಗಿಯುತ್ತಾ ಮಂಡ್ಯದ ಕಡೆ ಬೆಲ್ಲದ ಸುದ್ದಿ ಕೇಳುತ್ತಿದ್ದ. ಅವರು ಮತ್ತೆ ಒಳಗೆ ಬರಲಿಲ್ಲ. ಮೇಷ್ಟ್ರು ಒಳಗಿನ ಕೋಣೆಯಲ್ಲಿ, ಕುಡಿಕೆ ನಿಂಬೆಹಣ್ಣಿನ ಪಟದ ಪಕ್ಕದಲ್ಲಿ ಮದುವೆಮನೆಯಲ್ಲಿ ಬೀಗರ ದಾರಿ ನೋಡುವವರಂತೆ ಕಾಯುತ್ತಲೇ ಇದ್ದರು. ಬಾಗಿಲು ಹಾಕುವ ಹೊತ್ತಾಯಿತು.

ಹಿಂದಿರುಗುವ ರೈಲಿನಲ್ಲಿ ಗಂಡಿನ ಕಡೆಯವರು ಮಂಡ್ಯದಲ್ಲಿ ಇಳಿದುಕೊಂಡರು. ರೈಲು ಹೊರಟದ್ದೇ ಅಪ್ಪ ಮೇಷ್ಟ್ರ ಎದುರಿಗೆ ಬಂದು ಕೂತ. ಅಜ್ಜಿ ತೂಕಡಿಸುತ್ತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿ, ಕಿವಿಯನ್ನೆಲ್ಲ ಈ ಕಡೆಗೆ ಇಟ್ಟಿದ್ದೆ.

ಮೇಷ್ಟ್ರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹುಡುಗ ಒಳ್ಳೆಯವನೇ ಇರಬಹುದು, ಆದರೆ ಅವನಿಗೆ ನೋಡುವ ಕಣ್ಣಿಲ್ಲ ಅಂದರು. ಅಂಥ ಜಾಗಕ್ಕೆ ಬಂದು ಒಂದೇ ಒಂದು ಪಟವನ್ನು ನೆಟ್ಟಗೆ ನೋಡಲಿಲ್ಲ, ಒಳಗಿನ ಕೋಣೆಗಂತೂ ಬರಲೇ ಇಲ್ಲ, ಹೊರಗೆ ಕೂತು ಕಾಯಿ ತಿಂದ, ಇಂಥವನ ಬಗ್ಗೆ ನಾನು ಹೂಂ ಅನ್ನಲಾರೆ ಅಂದರು. ಹೇಳುವಾಗ ಅವರ ದನಿಯಲ್ಲಿ ನಿಜವಾದ ದುಃಖವಿತ್ತು.

ಅಪ್ಪ ಉಸಿರು ಬಿಟ್ಟ. "ಅಂಗಾದ್ರೆ ಬುಟ್ಬುಡಾನ," ಅಂದ.

"ಬುಡದು ಬ್ಯಾಡ."

ಅಂದವರು ಯಾರು ಎಂದು ಅಪ್ಪ ಸುತ್ತ ನೋಡಿದ. ನಾನೂ ನೋಡಿದೆ. ಅಂದವಳು ನಾನೇ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹಸಿವು ಅಂತ ಹೇಳಬಹುದಿತ್ತು, ತಲೆನೋವು ಅಂತ ಹೇಳಬಹುದಿತ್ತು. ಮದುವೆಯ ಮಾತಿನಲ್ಲಿ ಬಾಯಿ ಹಾಕಿದವರು ನಮ್ಮ ವಂಶದಲ್ಲೇ ಇರಲಿಲ್ಲ. ಅವ್ವ ನನ್ನ ತೊಡೆ ಚಿವುಟಿದಳು. ಅಪ್ಪ ಮೇಷ್ಟ್ರ ಕಡೆ ತಿರುಗಿ, ಇದು ನೀವು ಓದಿಸಿದ ಫಲ ಎನ್ನುವಂತೆ ನೋಡಿದ.

ಮೇಷ್ಟ್ರು ಮಾತ್ರ ಮುಂದಕ್ಕೆ ಬಾಗಿ, "ಯಾಕಮ್ಮ?" ಅಂದರು. ಗದರಿಸುವ ದನಿಯಲ್ಲ. ಕ್ಲಾಸಿನಲ್ಲಿ ಈ ಗೆರೆ ಯಾಕೆ ಎಳೆದೆ ಎಂದು ಕೇಳುವ ದನಿ.

ಬಾಯಿ ತೆರೆದಾಗಿತ್ತು, ಇನ್ನು ಮುಚ್ಚಿ ಪ್ರಯೋಜನವಿರಲಿಲ್ಲ. "ನೀವು ಪಟ ನೋಡೋರನ್ನ ನೋಡು ಅಂದ್ರಿ ಮೇಷ್ಟ್ರೇ, ಅದನ್ನೇ ಮಾಡಿದೆ," ಅಂದೆ. "ಅಜ್ಜಿ ಆ ದೊರೆಗೆ ಅಡ್ಡಬಿದ್ದಾಗ ಎಲ್ಲಾರೂ ನಕ್ಕರು. ಅಪ್ಪ ನಕ್ಕಿತು. ನೀವೂ ನಕ್ಕಿರಿ. ಅವರೊಬ್ಬರು ನಗಲಿಲ್ಲ. ಅಜ್ಜಿ ಒಬ್ಬಳೇ ಆಗದಿರಲಿ ಅಂತ ತಾವೂ ಅಡ್ಡಬಿದ್ದರು. ನನಗೆ ಅಷ್ಟು ಸಾಕು."

ತೂಕಡಿಸುತ್ತಿದ್ದ ಅಜ್ಜಿ ಕಣ್ಣು ಬಿಟ್ಟು ಕೇಳಿದಳು: "ಏನಂದೆ ಕೂಸೇ? ಅದು ದ್ಯಾವ್ರಲ್ವಾ?"

ಅಪ್ಪ ತಲೆ ಕೆರೆದುಕೊಂಡು, ಅಲ್ಲ ಕಣವ್ವ, ಯಾವನೋ ಬಿಳೀ ದೊರೆ ಅಂದ. ಅಜ್ಜಿ ಎಲೆಯಡಿಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಓಗ್ಲಿ ಬುಡು," ಅಂದಳು. "ಕೂಸ್ಗೆ ಗಂಡನ್ನ ತೋರ್ಸ್ತಲ್ಲ, ಕೈ ಮುಗುದಿದ್ಕೆ ಮೋಸ ಇಲ್ಲ." ಅಂದವಳೇ ಮತ್ತೆ ಕಣ್ಣು ಮುಚ್ಚಿದಳು.

ಅಪ್ಪನ ಮೀಸೆ ಅಲ್ಲಾಡಿತು. ಆದರೂ ಗೌಡನ ಮಾತು ಗೌಡನ ಮಾತೇ. ಮೇಷ್ಟ್ರ ಮಾತೇ ಕೊನೆ ಎಂದು ಹೇಳಿಯಾಗಿತ್ತು. ಈಗ ಏನಂತೀರಿ ಎಂದು ಅವರನ್ನೇ ಕೇಳಿದ. ಮೇಷ್ಟ್ರು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಅಷ್ಟು ವರ್ಷ ಊರವರ ಮುಖವನ್ನೆಲ್ಲ ನೋಡುತ್ತಾ ಬಂದವರಿಗೆ, ಆ ದಿನ ಅವರ ಮುಖವನ್ನೂ ಒಬ್ಬಳು ನೋಡುತ್ತಿದ್ದಳು ಎಂಬುದು ಹೊಳೆದಿರಲಿಲ್ಲ ಎಂದು ಕಾಣುತ್ತದೆ. ನಾನು ಅಷ್ಟು ಜನರೆದುರಿಗೆ ಅವರನ್ನು ತಪ್ಪು ಎಂದಿದ್ದೆ. ಬೇರೆ ಯಾವ ಮೇಷ್ಟ್ರಾಗಿದ್ದರೂ ಸಿಡುಕಿ ಮುಖ ತಿರುಗಿಸುತ್ತಿದ್ದರು.

"ಹೌದು ಗೌಡ್ರೇ, ನಾನೂ ನಕ್ಕೆ," ಅಂದರು ಅವರು. "ನಕ್ಕವನನ್ನ ಏನು ಕೇಳ್ತೀರಿ? ಆ ಹುಡುಗನನ್ನ ಇವತ್ತು ನೋಡಿದವಳು ಇವಳೊಬ್ಬಳೇ. ಇವಳನ್ನ ಕೇಳಿ."

ಅಪ್ಪ ನನ್ನ ಕಡೆ ತಿರುಗಿದ. ನಾನು ಹುಟ್ಟಿದಾಗಿನಿಂದ ಅವನು ನನಗೆ ಮಾಡು ಎಂದು ಹೇಳಿದ್ದುಂಟು, ಬೇಡ ಎಂದು ಹೇಳಿದ್ದುಂಟು. ಏನು ಮಾಡಲಿ ಎಂದು ಕೇಳಿದ್ದಿಲ್ಲ. ಹೇಗೆ ಕೇಳಬೇಕು ಎಂದು ಅವನಿಗೂ ಗೊತ್ತಿರಲಿಲ್ಲ. ಎರಡು ಸಲ ಕೆಮ್ಮಿದ, ಪೇಟ ಸರಿ ಮಾಡಿಕೊಂಡ.

"ಏನ್ ಮಗ, ವೀಳ್ಯ ಇಟ್ಕಳಾನಾ?"

"ಊಂ," ಅಂದೆ. ರೈಲಿನ ಸದ್ದಿಗೆ ಅಪ್ಪನಿಗೆ ಕೇಳಿಸಿತೋ ಇಲ್ಲವೋ ಎಂದು, ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಇನ್ನೊಂದು ಸಲ ಅಂದೆ.